ಕಹಿಗೊಂದು ಡಬ್ಬಿ, ಕಂಪಿಗೊಂದು ಪೊಟ್ಟಣ

ಇಂಗ್ಲೆಂಡಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗಾಗಿ ಸಾಮಾನು ಮಾರುವ ಅಂಗಡಿಗಳಿವೆ. ಅಲ್ಲಿ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರಿನ ಕಿಟ್ ಕೇಳಿದರೆ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಾರೆ. ಒಳಗೆ ಅಂಟಂಟಾದ ಕಂದು ಪಾಕ ತುಂಬಿದ ಎರಡು ಡಬ್ಬಿ, ಒಣ ಯೀಸ್ಟಿನ ಪುಟ್ಟ ಪ್ಯಾಕೆಟ್, ಹಸಿರು ಗುಳಿಗೆಗಳಿರುವ ಬೆಳ್ಳಿ ಬಣ್ಣದ ಪೊಟ್ಟಣ, ಹೇಗೆ ಮಾಡಬೇಕೆಂದು ತಿಳಿಸುವ ಒಂದು ಹಾಳೆ. ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಬೆರೆಸಿ 23 ಲೀಟರ್ ಮಾಡಿಕೊಂಡು, ಯೀಸ್ಟ್ ಉದುರಿಸಿ ಮುಚ್ಚಿಡಿ ಎನ್ನುತ್ತದೆ ಹಾಳೆ. ಹಸಿರು ಗುಳಿಗೆಗಳನ್ನು ಮಾತ್ರ ಈಗಲೇ ಬಿಚ್ಚಬೇಡಿ, ಹುದುಗುವುದು ಮುಗಿಯುತ್ತ ಬಂದಾಗ ಹಾಕಿ ಎಂದು ದಪ್ಪ ಅಕ್ಷರದಲ್ಲಿ ಬೇರೆಯಾಗಿ ಬರೆದಿರುತ್ತದೆ.

ಆ ಗುಳಿಗೆಗಳು ಹಾಪ್ಸ್ ಹೂವಿನವು. ಹೂವನ್ನು ಒಣಗಿಸಿ, ಪುಡಿಮಾಡಿ, ಒತ್ತಿ ಮಾಡಿದವು. ಆದರೆ ಡಬ್ಬಿಯ ಮೇಲಿನ ಚೀಟಿ ಓದಿ ನೋಡಿ, ಪಾಕಕ್ಕೂ ಹಾಪ್ಸ್ ಆಗಲೇ ಸೇರಿದೆ. ಒಂದೇ ಹೂವನ್ನು ಒಂದೇ ಪೆಟ್ಟಿಗೆಯಲ್ಲಿ ಎರಡು ಕಡೆ ಇಟ್ಟು ಕೊಡುವುದು ಯಾಕೆ? ಎಲ್ಲವನ್ನೂ ಡಬ್ಬಿಗೇ ಹಾಕಿ ಮುಗಿಸಿದ್ದರೆ ಕಾರ್ಖಾನೆಗೂ ಸುಲಭವಿತ್ತು, ಕೊಂಡವರಿಗೂ ಸುಲಭವಿತ್ತು. ಹಾಗೆ ಮಾಡಲು ಹೂವು ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಪೇಲ್ ಏಲ್‌ನ ಮುಕ್ಕಾಲು ವಿಜ್ಞಾನ ತಿಳಿದಂತೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ಬ್ರಿಟನ್ನಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡುವವರು 1963ರಿಂದ ಪರವಾನಗಿ ಪಡೆಯಬೇಕಿಲ್ಲ. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಈ ಅಧ್ಯಾಯದಲ್ಲಿ ನಡೆಯುವುದೆಲ್ಲ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, ಶಿರಸಿ ಕಡೆಯ ಗೆಳೆಯನೊಬ್ಬನ ಅಡುಗೆಮನೆಯಲ್ಲಿ.

ಹಾಪ್ಸ್ ಒಂದು ಹಬ್ಬುವ ಬಳ್ಳಿ. ಶಾಸ್ತ್ರೀಯ ಹೆಸರು ಹ್ಯೂಮ್ಯುಲಸ್ ಲುಪ್ಯುಲಸ್. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹೂವು ಮಾತ್ರ. ಬೇಸಿಗೆಯಲ್ಲಿ ಹಗಲು ತುಂಬಾ ಉದ್ದವಿರುವ ಸೀಮೆಯಲ್ಲೇ ಅದು ಚೆನ್ನಾಗಿ ಹೂ ಬಿಡುವುದರಿಂದ ಇಂಗ್ಲೆಂಡಿನ ಕೆಂಟ್, ಜರ್ಮನಿಯ ಹಾಲರ್ಟೌ, ಅಮೆರಿಕದ ಯಾಕಿಮಾ ಕಣಿವೆ ಅದರ ತವರುಗಳಾಗಿವೆ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಹೂವು ನೋಡಲು ಹಸಿರು ಪಕಳೆಗಳನ್ನು ಒಂದರ ಮೇಲೊಂದು ಪೇರಿಸಿದ, ಹೆಬ್ಬೆರಳಿನಷ್ಟು ಉದ್ದದ ಕಾಯಿಯ ಹಾಗಿರುತ್ತದೆ. ಅದನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ಪ್ರತಿ ಪಕಳೆಯ ಬುಡದಲ್ಲೂ ಅರಿಸಿನ ಬಣ್ಣದ ಹುಡಿ ಅಂಟಿರುವುದು ಕಾಣುತ್ತದೆ. ಇದೇ ಲುಪುಲಿನ್. ಬೆರಳಿಗೆ ಹತ್ತಿದರೆ ಜಿಗುಟು, ಬೇಗ ಬಿಡುವುದಿಲ್ಲ. ಆ ಹುಡಿಯ ಒಂದೊಂದು ಕಣದಲ್ಲೂ ಎರಡು ಬಗೆಯ ಸರಕಿದೆ: ಕಹಿಗೆ ಕಾರಣವಾಗುವ ರಾಳ, ಪರಿಮಳಕ್ಕೆ ಕಾರಣವಾಗುವ ಎಣ್ಣೆ. ರಾಳ ಕೆಲಸಕ್ಕೆ ಬರಬೇಕಾದರೆ ಅದನ್ನು ಹೊತ್ತುಗಟ್ಟಲೆ ಕುದಿಸಬೇಕು. ಎಣ್ಣೆ ಉಳಿಯಬೇಕಾದರೆ ಕುದಿಸಲೇಬಾರದು.

ಮೊದಲು ಕಹಿಯನ್ನು ನೋಡೋಣ. ರಾಳದಲ್ಲಿ ಆಲ್ಫಾ ಆಮ್ಲಗಳೆಂಬ ಸಂಯುಕ್ತಗಳಿವೆ, ಮುಖ್ಯವಾದದ್ದು ಹ್ಯೂಮ್ಯುಲೋನ್. ಇದ್ದ ಹಾಗೆಯೇ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕರಗಿದಷ್ಟರಲ್ಲೂ ಹೇಳಿಕೊಳ್ಳುವಂಥ ಕಹಿ ಇಲ್ಲ. ಕುದಿತ ಹೆಚ್ಚಿದಂತೆ ಅಣುವಿನ ಮಧ್ಯದಲ್ಲಿರುವ ಆರು ಇಂಗಾಲದ ಉಂಗುರ ಬಿಚ್ಚಿಕೊಂಡು ಐದು ಇಂಗಾಲದ ಉಂಗುರವಾಗಿ ಕೂಡಿಕೊಳ್ಳುತ್ತದೆ. ಹೊರಗಿನಿಂದ ಒಂದು ಪರಮಾಣುವೂ ಬಂದು ಸೇರುವುದಿಲ್ಲ, ಇದ್ದದ್ದರಲ್ಲಿ ಒಂದೂ ಹೋಗುವುದಿಲ್ಲ, ಜೋಡಣೆಯಷ್ಟೇ ಬದಲು. ಹೀಗೆ ಹುಟ್ಟಿದ ಐಸೊಹ್ಯೂಮ್ಯುಲೋನ್ ಚೆನ್ನಾಗಿ ಕರಗುತ್ತದೆ, ನಾಲಿಗೆಗೆ ಸ್ಪಷ್ಟ ಕಹಿ. ಒಂದು ಗಂಟೆ ಕುದಿಸಿದರೂ ಹಾಪ್ಸ್‌ನಲ್ಲಿದ್ದ ಆಲ್ಫಾ ಆಮ್ಲದ ಸುಮಾರು ಮೂರನೇ ಒಂದು ಭಾಗ ಮಾತ್ರ ಹೀಗೆ ಬಿಯರಿಗೆ ಇಳಿಯುತ್ತದೆ. ಹೀಗೆ ಬದಲಾದ ಆಲ್ಫಾ ಆಮ್ಲ, ಅಂದರೆ ಐಸೊ-ಆಲ್ಫಾ ಆಮ್ಲ, ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದನ್ನು ಕಹಿಯ ಒಂದು ಮಾನವೆಂದು ಲೆಕ್ಕ ಹಿಡಿಯುತ್ತಾರೆ. ಹಾಪ್ಸ್ ಮುಂದಾದ ಪೇಲ್ ಏಲ್‌ಗಳಲ್ಲಿ ಅದು ಸಾಮಾನ್ಯವಾಗಿ 30ರಿಂದ 45. ನಮ್ಮ ನಾಲಿಗೆಯಲ್ಲಿ ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕಗಳಿವೆ. ಹಾಪ್ಸ್‌ನ ಕಹಿಗೆ ಸ್ಪಂದಿಸುವುದು ಅವುಗಳಲ್ಲಿ ಮೂರು.

ರುಚಿಯೊಂದೇ ಅದರ ಕೆಲಸವಲ್ಲ. ಬಿಯರನ್ನು ಹುಳಿ ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿಗೆ ಐಸೊ-ಆಲ್ಫಾ ಆಮ್ಲ ಶತ್ರು. ಅದು ಜೀವಕೋಶದ ಪೊರೆಯನ್ನು ದಾಟಿ ಒಳಗೆ ಹೋಗಿ ಅಲ್ಲಿ ಪ್ರೋಟಾನನ್ನು ಇಳಿಸುತ್ತದೆ. ಒಳಗೆ ಆಮ್ಲತೆ ಏರುತ್ತದೆ, ಪೊರೆಯ ಎರಡು ಬದಿಯ ವ್ಯತ್ಯಾಸದಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯ ಸೊರಗುತ್ತದೆ. ಯೀಸ್ಟಿಗೆ ಇದರ ಬಾಧೆ ಅಷ್ಟಾಗಿ ತಟ್ಟುವುದಿಲ್ಲ. ಹಾಪ್ಸ್ ಹಾಕಿದ ಬಿಯರ್ ಹೆಚ್ಚು ದಿನ ಕೆಡದೆ ಇರುತ್ತದೆ ಎಂದು ಯೂರೋಪಿನವರು ಬ್ಯಾಕ್ಟೀರಿಯದ ಹೆಸರು ಕೇಳುವುದಕ್ಕೆ ಎಷ್ಟೋ ಮುಂಚೆಯೇ ಕಂಡುಕೊಂಡಿದ್ದರು.

ಭಾರತದ ಹೆಸರು ಈ ಕಥೆಯೊಳಗೆ ಬರುವುದು ಇಲ್ಲೇ. ಪೇಲ್ ಏಲ್‌ನ ಹತ್ತಿರದ ನೆಂಟನೆನ್ನಬಹುದಾದ ಇಂಡಿಯಾ ಪೇಲ್ ಏಲ್‌ಗೆ ಆ ಹೆಸರು ಬಂದದ್ದು ಅದು ಇಲ್ಲಿಗೆ ರಫ್ತಾಗುತ್ತಿದ್ದುದರಿಂದ. ಲಂಡನ್ನಿನ ಪೂರ್ವ ಅಂಚಿನ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ ಬಿಯರ್ ತಯಾರಿಸುತ್ತಿದ್ದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಗೆ ಹತ್ತಿರ. ಹಡಗಿನ ಕಪ್ತಾನರು ಸ್ವಂತ ವ್ಯಾಪಾರಕ್ಕೆಂದು ಅವನ ಬಿಯರನ್ನು ಪೀಪಾಯಿಗಳಲ್ಲಿ ತುಂಬಿಸಿಕೊಂಡು ಹೊರಡುತ್ತಿದ್ದರು, ಅವನೂ ದೀರ್ಘಾವಧಿಯ ಸಾಲ ಕೊಡುತ್ತಿದ್ದ. ಆಫ್ರಿಕದ ತುದಿ ಸುತ್ತಿ ಸಮಭಾಜಕವನ್ನು ಎರಡು ಸಲ ದಾಟಿ ತಿಂಗಳುಗಟ್ಟಲೆ ತೂಗಾಡುತ್ತ ಅದು ಕಲ್ಕತ್ತ, ಮದ್ರಾಸು, ಬೊಂಬಾಯಿ ಸೇರುತ್ತಿತ್ತು. ಸೆಕೆ ದೇಶಕ್ಕೆ ಕಳಿಸುವ ಬಿಯರಿಗಾಗಿಯೇ ಹಾಡ್ಜ್‌ಸನ್ ಹೊಸದೊಂದು ಬಗೆಯನ್ನು ಕಂಡುಹಿಡಿದ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬಿಸಿ ಸೀಮೆಗೆ ಹೋಗುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬುದು ಅವನಿಗೂ ಮೊದಲೇ ಇಂಗ್ಲೆಂಡಿನಲ್ಲಿ ಗೊತ್ತಿದ್ದ ಮಾತು, ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್ ಮೊದಲಾದವರು ಈ ವ್ಯಾಪಾರಕ್ಕೆ ಕೈಹಾಕಿ ಹಾಡ್ಜ್‌ಸನ್‌ನ ಪಾರುಪತ್ಯ ಮುರಿದರು. ಬರ್ಟನ್ ಬಾವಿಗಳ ನೀರಿನಲ್ಲಿ ಜಿಪ್ಸಂ ಹೇರಳ. ಅದರ ಸಲ್ಫೇಟಿನಿಂದ ಹಾಪ್ಸ್‌ನ ಕಹಿ ಒಣದಾಗಿ, ಚುರುಕಾಗಿ ಬರುತ್ತದೆ. ಇಂದು ಬೇರೆ ಊರಿನವರೂ ತಮ್ಮ ನೀರಿಗೆ ಒಂದಷ್ಟು ಜಿಪ್ಸಂ ಬೆರೆಸಿ ಆ ಗುಣ ತಂದುಕೊಳ್ಳುತ್ತಾರೆ.

ಈಗ ಡಬ್ಬಿಯೊಳಗಿನ ಪಾಕಕ್ಕೆ ಬರೋಣ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ಮಾಲ್ಟನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಆ ಕಿಣ್ವಗಳು ಪಿಷ್ಟವನ್ನು ಮಾಲ್ಟೋಸ್ ಮೊದಲಾದ ಸಕ್ಕರೆಗಳಾಗಿ ತುಂಡರಿಸುತ್ತವೆ. ಸಿಹಿ ನೀರನ್ನು ಸೋಸಿ ಹಾಪ್ಸ್ ಹಾಕಿ ಕುದಿಸುತ್ತಾರೆ. ಕಹಿ ಇಳಿದ ಮೇಲೆ, ಗಾಳಿಯ ಒತ್ತಡ ತಗ್ಗಿಸಿದ ಪಾತ್ರೆಗಳಲ್ಲಿ ನೀರನ್ನು ಆವಿ ಮಾಡಿ ಪಾಕಕ್ಕೆ ತರುತ್ತಾರೆ. ಒತ್ತಡ ಕಡಿಮೆ ಇದ್ದರೆ ಕಡಿಮೆ ಶಾಖದಲ್ಲೇ ಕುದಿಯುವುದರಿಂದ ಸಕ್ಕರೆ ಸೀಯುವುದಿಲ್ಲ. ಕೊನೆಗೆ ಉಳಿಯುವುದು ಸುಮಾರು ಶೇ. 80ರಷ್ಟು ಘನಾಂಶ, ಉಳಿದದ್ದು ನೀರು. ಇಷ್ಟೆಲ್ಲ ಕುದಿತ, ಇಷ್ಟೆಲ್ಲ ಆವಿಯ ನಡುವೆ ಹೂವಿನ ಪರಿಮಳದ ಎಣ್ಣೆ ಉಳಿಯುವ ಪ್ರಶ್ನೆಯೇ ಇಲ್ಲ, ಆವಿಯ ಜೊತೆ ಅದೂ ಹೊರಟುಹೋಗುತ್ತದೆ. ಡಬ್ಬಿಯಲ್ಲಿ ಕಹಿ ಮಾತ್ರ ಇರಲು ಸಾಧ್ಯ. ಬೆಳ್ಳಿ ಪೊಟ್ಟಣ ಬೇರೆಯಾಗಿ ಬಂದಿರುವುದು ಅದಕ್ಕೇ.

ಕಿಟ್ ಎಂದರೆ ಮೂಗು ಮುರಿಯುವ ಬಿಯರ್ ಪ್ರಿಯರಿದ್ದಾರೆ. ಕಾಳನ್ನು ತಾವೇ ನೆನೆಸಿ ಸೋಸದಿದ್ದರೆ ಅದು ತಮ್ಮ ಬಿಯರಲ್ಲ ಎನ್ನುವುದು ಅವರ ವಾದ. ಆದರೆ ಕಿಟ್ ನಮ್ಮ ಕೈಯಿಂದ ಕಿತ್ತುಕೊಂಡಿರುವುದು ಶಾಖ ಮತ್ತು ಗಡಿಯಾರದ ಕೆಲಸವನ್ನು. ಯೀಸ್ಟನ್ನು ಸಾಕುವ ಕೆಲಸ ಪೂರ್ತಿ ನಮ್ಮ ಪಾಲಿಗೇ ಉಳಿದಿದೆ. ಬಿಯರ್ ಚೆನ್ನಾಗುವುದೂ ಕೆಡುವುದೂ ಹೆಚ್ಚಾಗಿ ಅಲ್ಲೇ.

ಲೀಡ್ಸ್‌ನ ಅಡುಗೆಮನೆಯಲ್ಲಿ ಗೆಳೆಯ ಅರ್ಧ ದಿನ ಕಳೆದದ್ದು ತೊಳೆಯುವುದರಲ್ಲಿ. ಬಕೆಟ್ಟು, ಮುಚ್ಚಳ, ಸೌಟು, ನಳಿಕೆ, ಕತ್ತರಿ, ಕೊನೆಗೆ ಯೀಸ್ಟಿನ ಪ್ಯಾಕೆಟ್ಟಿನ ಹೊರಮೈಯನ್ನೂ ಸೋಂಕು ನಿವಾರಕದಲ್ಲಿ ಅದ್ದಿ ತೆಗೆದ. ಸಿಹಿ ನೀರು ಯಾವ ಸೂಕ್ಷ್ಮಜೀವಿಗಾದರೂ ಔತಣವೇ. ಯೀಸ್ಟಿನ ಹಿಡಿತಕ್ಕೆ ಬರುವವರೆಗೆ ಅದಕ್ಕೆ ಕಾವಲು ಬೇಕು. ನಲ್ಲಿ ನೀರನ್ನೂ ಅವನು ಹಾಗೆಯೇ ಬಳಸಲಿಲ್ಲ. ನಗರದ ನೀರಿಗೆ ಬೆರೆಸುವ ಕ್ಲೋರಿನ್ ಬಿಯರಿನ ಫೀನಾಲ್‌ಗಳೊಂದಿಗೆ ಸೇರಿ ಕ್ಲೋರೊಫೀನಾಲ್ ಆದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಹತ್ತುತ್ತದೆ, ಅದು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಗೊತ್ತಾಗುತ್ತದೆ. ಮೆಟಾಬೈಸಲ್ಫೈಟ್ ಮಾತ್ರೆಯ ಅರ್ಧ ಚೂರನ್ನು ಪುಡಿಮಾಡಿ ಹಾಕಿದರೆ 23 ಲೀಟರ್ ನೀರಿನ ಕ್ಲೋರಿನ್ ಕೆಲವು ನಿಮಿಷಗಳಲ್ಲಿ ನಿಷ್ಕ್ರಿಯವಾಗುತ್ತದೆ.

ಎರಡು ಡಬ್ಬಿಯ ಪಾಕ, ಒಟ್ಟು 3.6 ಕೆ.ಜಿ., ಬಿಸಿನೀರಿನಲ್ಲಿ ಕರಗಿತು. ತಣ್ಣೀರನ್ನು ಎತ್ತರದಿಂದ ರಭಸವಾಗಿ ಸುರಿದು ನೊರೆ ಎಬ್ಬಿಸಿದ. ಅದಕ್ಕೊಂದು ಕಾರಣವಿದೆ. ಯೀಸ್ಟ್ ತನ್ನ ಸಂತಾನ ಹೆಚ್ಚಿಸಿಕೊಳ್ಳಬೇಕಾದರೆ ಹೊಸ ಕೋಶಪೊರೆ ಕಟ್ಟಬೇಕು. ಪೊರೆಗೆ ಬೇಕಾದ ಸ್ಟೆರಾಲ್ ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲ ತಯಾರಿಸಲು ಆಮ್ಲಜನಕ ಬೇಕು. ಇಡೀ ಪ್ರಕ್ರಿಯೆಯಲ್ಲಿ ಗಾಳಿಗೆ ಸ್ವಾಗತವಿರುವುದು ಈ ಒಂದು ಗಳಿಗೆಯಲ್ಲಿ ಮಾತ್ರ. ಇಲ್ಲಿಂದ ಮುಂದೆ ಬಿಯರಿಗೆ ಆಮ್ಲಜನಕ ತಾಗಿದರೆ ಹಾಳು.

ಸಿಹಿ ನೀರಿನಲ್ಲಿ ಹೈಡ್ರೋಮೀಟರ್ ತೇಲಿಬಿಟ್ಟು ನೋಡಿದರೆ 1.046. ಅಂದರೆ ಅದೇ ಗಾತ್ರದ ನೀರಿಗಿಂತ ಸಾವಿರಕ್ಕೆ 46 ಭಾಗ ಹೆಚ್ಚು ತೂಕ. 19 ಡಿಗ್ರಿಯಲ್ಲಿ ಯೀಸ್ಟ್ ಉದುರಿಸಿ ಮುಚ್ಚಳ ಹಾಕಿದ. ಪ್ಯಾಕೆಟ್ಟಿನಲ್ಲಿದ್ದದ್ದು 11 ಗ್ರಾಂ; ಒಂದೊಂದು ಗ್ರಾಂನಲ್ಲೂ ನೂರಾರು ಕೋಟಿ ಜೀವಂತ ಕೋಶ. ಜಾತಿ ಸ್ಯಾಕರೊಮೈಸಿಸ್ ಸೆರೆವಿಸಿಯೆ, ಬ್ರೆಡ್ಡಿಗೆ ಹಾಕುವುದೂ ಇದೇ ಜಾತಿ, ತಳಿ ಬೇರೆ.

ಗ್ಲುಕೋಸಿನ ಒಂದು ಅಣು ಯೀಸ್ಟಿನೊಳಗೆ ಹೋಗಿ ಎರಡು ಪೈರುವೇಟ್ ಆಗಿ ಒಡೆಯುವಾಗ ಅದಕ್ಕೆ ಲಾಭವಾಗಿ ಸಿಗುವುದು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಎರಡು ಅಣು ಮಾತ್ರ, ತುಂಬಾ ಕಡಿಮೆ ಶಕ್ತಿ. ಪೈರುವೇಟ್ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಅಸಿಟಾಲ್ಡಿಹೈಡ್ ಆಗುತ್ತದೆ, ಅಸಿಟಾಲ್ಡಿಹೈಡ್ ಎಥನಾಲ್ ಆಗುತ್ತದೆ. ಈ ಕೊನೆಯ ಹೆಜ್ಜೆಯಿಂದ ಯೀಸ್ಟಿಗೆ ಶಕ್ತಿಯೇನೂ ಸಿಗುವುದಿಲ್ಲ. ಮೊದಲ ಹೆಜ್ಜೆಗಳಲ್ಲಿ ಖರ್ಚಾದ ಎನ್‌ಎಡಿ ಎಂಬ ಸಹಕಿಣ್ವವನ್ನು ವಾಪಸು ಪಡೆಯುವುದಕ್ಕಾಗಿ ಮಾತ್ರ ಅದು ಹಾಗೆ ಮಾಡುತ್ತದೆ. ಅದಿಲ್ಲದಿದ್ದರೆ ಮುಂದಿನ ಸಕ್ಕರೆ ಅಣುವನ್ನು ಒಡೆಯಲಾಗದು. ನಾವು ಬಿಯರ್ ಎಂದು ಕುಡಿಯುವುದರಲ್ಲಿರುವ ಮದ್ಯಸಾರ ಯೀಸ್ಟಿನ ಲೆಕ್ಕದಲ್ಲಿ ತ್ಯಾಜ್ಯ. ಸಕ್ಕರೆ ಸಮೃದ್ಧವಾಗಿದ್ದರೆ ಆಮ್ಲಜನಕ ಇದ್ದಾಗಲೂ ಈ ಜಾತಿ ಉಸಿರಾಡುವ ದಾರಿ ಬಿಟ್ಟು ಮದ್ಯಸಾರ ಮಾಡುವ ದಾರಿಯನ್ನೇ ಹಿಡಿಯುತ್ತದೆ. ಸಕ್ಕರೆ ಬೇಗ ಖಾಲಿಯಾಗುತ್ತದೆ, ಪಕ್ಕದಲ್ಲಿರುವ ಸ್ಪರ್ಧಿಗಳು ಮದ್ಯಸಾರಕ್ಕೆ ಸಾಯುತ್ತಾರೆ. ಇದನ್ನೆಲ್ಲ ಮಾಡುವುದು ಜೀವಿಯೋ ಬರಿಯ ರಸಾಯನವೋ ಎಂದು ಹತ್ತೊಂಬತ್ತನೇ ಶತಮಾನದುದ್ದಕ್ಕೂ ಜಗಳವಿತ್ತು. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಮೇಲೇ ಒಂದು ಪುಸ್ತಕ ಬರೆದು ಜೀವಿಯ ಪರ ವಾದಿಸಿದ. 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ ತೆಗೆದ ರಸದಲ್ಲಿ, ಒಂದು ಜೀವಂತ ಕೋಶವೂ ಇಲ್ಲದೆ, ಸಕ್ಕರೆ ಮದ್ಯಸಾರವಾಗುವುದನ್ನು ತೋರಿಸಿದ. ಜೀವರಸಾಯನ ವಿಜ್ಞಾನ ಹುಟ್ಟಿದ್ದು ಆ ರಸದಿಂದ ಎಂದರೆ ತಪ್ಪಿಲ್ಲ. 1907ರಲ್ಲಿ ಅವನಿಗೆ ನೊಬೆಲ್ ಬಂತು.

ಮರುದಿನ ಬೆಳಿಗ್ಗೆ ಬಕೆಟ್ಟಿನ ಮೇಲೆ ಕೆನೆ ಬಣ್ಣದ ದಪ್ಪ ಬುರುಗು ಕಟ್ಟಿತ್ತು, ನಡುನಡುವೆ ಕಂದು ಬಣ್ಣದ ರಾಳದ ಗೆರೆಗಳು. ಮುಚ್ಚಳದ ಮೇಲಿನ ನೀರಿನ ಕವಾಟದಿಂದ ಗುಳುಗುಳು ಎಂದು ಅನಿಲ ಹೊರಬರುತ್ತಿತ್ತು. 23 ಲೀಟರ್ ಹುದುಗಿ ಮುಗಿಯುವಷ್ಟರಲ್ಲಿ ಹೀಗೆ 400 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಬಕೆಟ್ಟನ್ನು ಗಾಳಿಯಾಡದಂತೆ ಭದ್ರವಾಗಿ ಮುಚ್ಚಿದರೆ ಸಿಡಿಯುವುದು ಖಂಡಿತ. ಹುದುಗುವಾಗ ಶಾಖವೂ ಹುಟ್ಟುವುದರಿಂದ ಬಕೆಟ್ಟಿನೊಳಗೆ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಇದನ್ನು ಗಮನಿಸಬೇಕು. 25 ಡಿಗ್ರಿ ದಾಟಿದರೆ ಯೀಸ್ಟ್ ಅವಸರಪಟ್ಟು ಬಾಳೆಹಣ್ಣಿನ ವಾಸನೆಯ ಎಸ್ಟರುಗಳನ್ನೂ ಗಂಟಲು ಸುಡುವ ಭಾರದ ಆಲ್ಕೊಹಾಲುಗಳನ್ನೂ ಹೆಚ್ಚಾಗಿ ಮಾಡುತ್ತದೆ, ಅವುಗಳಡಿ ಹಾಪ್ಸ್ ಹೂತುಹೋಗುತ್ತದೆ. ತಣ್ಣಗಾದರೆ ಯೀಸ್ಟ್ ನಿದ್ದೆ ಹೋಗುತ್ತದೆ. ಆಗ ಡೈಅಸಿಟೈಲ್ ಎಂಬ ಬೆಣ್ಣೆ ವಾಸನೆಯ ಪದಾರ್ಥ ಹಾಗೇ ಉಳಿಯುತ್ತದೆ. ಯೀಸ್ಟ್ ತಾನೇ ಹೊರಬಿಟ್ಟ ಸಂಯುಕ್ತದಿಂದ ಅದು ಹುಟ್ಟುವುದು, ಕೊನೆಯ ದಿನಗಳಲ್ಲಿ ಅದನ್ನು ಹೀರಿಕೊಂಡು ಚೊಕ್ಕಟ ಮಾಡುವುದೂ ಯೀಸ್ಟೇ. ಬುರುಗು ಇಳಿಯಿತೆಂದು ಕೂಡಲೇ ಬಾಟಲಿಗೆ ತುಂಬುವವರು ಈ ಶುಚಿಕಾರ್ಯಕ್ಕೆ ಅವಕಾಶ ಕೊಡುವುದಿಲ್ಲ.

ಇನ್ನು ಬೆಳ್ಳಿ ಪೊಟ್ಟಣ. ಅದನ್ನು ಕತ್ತರಿಸಿದ ಕೂಡಲೇ ಇಡೀ ಅಡುಗೆಮನೆಗೆ ವಾಸನೆ ಹರಡಿತು. ಮಗನ ಮನೆಗೆಂದು ಬಂದಿದ್ದ ಗೆಳೆಯನ ತಾಯಿ ಒಳಕೋಣೆಯಿಂದ ಎದ್ದು ಬಂದವರು ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು, "ಇದೆಂತದೋ ತಮಾ, ಮಿಡಿ ಸೊನೆ ಪರಿಮಳ ಬತ್ತಲೋ!" ಅಂದರು. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿಯನ್ನು ತೊಟ್ಟು ಮುರಿದು ಸೊನೆ ಮೂಸಿಯೇ ಆರಿಸುವ ಊರಿನವರು ಅವರು. ಅವರ ಮೂಗು ಹೇಳಿದ್ದು ರಸಾಯನ ವಿಜ್ಞಾನದ ದೃಷ್ಟಿಯಿಂದ ತೀರಾ ಸರಿ. ಹಾಪ್ಸ್ ಎಣ್ಣೆಯಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚಿರುವುದು ಮಿರ್ಸೀನ್ ಎಂಬ ಟರ್ಪೀನ್. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಭಾರತದ ಮಾವಿನ ತಳಿಗಳ ಸೊನೆಯನ್ನು ವಿಶ್ಲೇಷಿಸಿ ಗುರುತಿಸಿದ ಪರಿಮಳದ ಅಣುಗಳಲ್ಲೂ ಮಿರ್ಸೀನ್ ಇದೆ, ಜೊತೆಗೆ ಓಸಿಮೀನ್, ಲಿಮೊನೀನ್ ಇವೆ. ಹಾಪ್ಸ್ ಎಣ್ಣೆಯಲ್ಲಿ ಇನ್ನೂ ನೂರಾರು ಅಣುಗಳಿವೆ: ಕೊತ್ತಂಬರಿ ಬೀಜದ ಪರಿಮಳಕ್ಕೆ ಕಾರಣವಾದ ಲಿನಲೂಲ್, ಗುಲಾಬಿಯ ಜೆರಾನಿಯೋಲ್, ಕಾಳುಮೆಣಸಿನಲ್ಲಿರುವ ಕ್ಯಾರಿಯೋಫಿಲೀನ್. ಸೀಬೆಹಣ್ಣಿನ ವಾಸನೆಗೆ ಕಾರಣವಾಗುವ ಗಂಧಕಯುಕ್ತ ಥಯಾಲ್‌ಗಳು ಕೂಡ ಹಲವು ಹೊಸ ತಳಿಗಳಲ್ಲಿವೆ. ಇವುಗಳ ಬಲ ನಂಬಲಾಗದಷ್ಟು: ಒಂದು ಲೀಟರಿನಲ್ಲಿ ಕೆಲವು ಹತ್ತು ನ್ಯಾನೊಗ್ರಾಂ ಇದ್ದರೆ ಸಾಕು, ಮೂಗು ಹಿಡಿದುಬಿಡುತ್ತದೆ. ಒಂದು ಗ್ರಾಂನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಗ್ರಾಂ.

ಇವೆಲ್ಲ ಸುಲಭವಾಗಿ ಆವಿಯಾಗುವ ಅಣುಗಳು. ಮಿರ್ಸೀನ್ ತನ್ನಷ್ಟಕ್ಕೆ ಕುದಿಯುವುದು 160 ಡಿಗ್ರಿಗೂ ಮೇಲೆ, ಆದರೆ ಕುದಿಯುವ ನೀರಿನ ಹಬೆ 100 ಡಿಗ್ರಿಯಲ್ಲೇ ಅದನ್ನು ಹೊತ್ತೊಯ್ಯುತ್ತದೆ. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವುದು ಯಾವ ಕಾರಣಕ್ಕೋ, ಹಾಪ್ಸ್ ಗುಳಿಗೆಯನ್ನು ತಣ್ಣನೆಯ ಬಿಯರಿಗೆ ಹಾಕುವುದೂ ಅದೇ ಕಾರಣಕ್ಕೆ. ಬ್ರಿಟನ್ನಿನ ಹಳಬರೂ ಪೀಪಾಯಿ ತುಂಬಿದ ಮೇಲೆ ಒಂದು ಹಿಡಿ ಹಾಪ್ಸ್ ಹಾಕುತ್ತಿದ್ದರು. ಆದರೆ ಇವತ್ತು ಕಿತ್ತಳೆ ಸಿಪ್ಪೆ, ಚಕ್ಕೋತದ ಪರಿಮಳಕ್ಕಾಗಿಯೇ ಜನ ಪೇಲ್ ಏಲ್ ಕುಡಿಯುವಂತೆ ಮಾಡಿದ್ದು ಅಮೆರಿಕದ ಒಂದು ತಳಿ.

ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಆರಿಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿ, ಬೂಜು ರೋಗಕ್ಕೆ ತಡೆಯಿರುವ ಹಾಪ್ಸ್ ಬೇಕೆಂದು ಇಂಗ್ಲೆಂಡಿನ ಫಗಲ್ ತಳಿಗೆ ರಷ್ಯದ ಸೆರೆಬ್ರಿಯಾಂಕ ತಳಿಯ ರಕ್ತ ಬೆರೆಸಿದರು. 1956ರಲ್ಲಿ ಸಿಕ್ಕ ಬೀಜದ ಒಂದು ಬಳ್ಳಿಯನ್ನು ವರ್ಷಗಟ್ಟಲೆ ಪರೀಕ್ಷಿಸಿ 1972ರಲ್ಲಿ ಕ್ಯಾಸ್ಕೇಡ್ ಎಂಬ ಹೆಸರಿನಲ್ಲಿ ರೈತರಿಗೆ ಬಿಟ್ಟರು. ಚಕ್ಕೋತದಂಥ ಅದರ ವಾಸನೆಯನ್ನು ಮುಂದೆ ತಂದವರು ಸಣ್ಣ ತಯಾರಕರು. ಸ್ಯಾನ್‌ಫ್ರಾನ್ಸಿಸ್ಕೊದ ಆಂಕರ್ ಕಂಪನಿ 1975ರಲ್ಲಿ ಲಿಬರ್ಟಿ ಏಲ್‌ಗೆ ಅದನ್ನು ಧಾರಾಳವಾಗಿ ಬಳಸಿತು. ಕ್ಯಾಲಿಫೋರ್ನಿಯದ ಚಿಕೊ ಎಂಬ ಊರಿನಲ್ಲಿ ಕೆನ್ ಗ್ರಾಸ್‌ಮನ್ 1976ರಲ್ಲಿ ಮನೆ ಬಿಯರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದ. ಅಮೆರಿಕದಲ್ಲಿ ಪಾನನಿಷೇಧ ರದ್ದಾದಾಗ ಮನೆಯಲ್ಲಿ ವೈನ್ ಮಾಡಲು ಅನುಮತಿ ಸಿಕ್ಕಿತ್ತೇ ಹೊರತು ಬಿಯರಿಗೆ ಸಿಕ್ಕಿರಲಿಲ್ಲ. ಆ ಲೋಪ ಸರಿಪಡಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರಿನಲ್ಲಿ. 1980ರಲ್ಲಿ ಗ್ರಾಸ್‌ಮನ್‌ನ ಸಿಯೆರಾ ನೆವಾಡ ಕಂಪನಿ ಕ್ಯಾಸ್ಕೇಡ್ ತುಂಬಿದ ಪೇಲ್ ಏಲ್ ತಯಾರಿಸತೊಡಗಿತು. ಲೀಡ್ಸ್‌ನ ಪೆಟ್ಟಿಗೆಯಲ್ಲಿದ್ದ ಪೊಟ್ಟಣದ ವಂಶವೃಕ್ಷ ಹುಡುಕಿದರೆ ಆ ಅಂಗಡಿಗೇ ಹೋಗಿ ಮುಟ್ಟುತ್ತದೆ.

ಹುದುಗು ನಿಧಾನವಾಗಿ ಹೈಡ್ರೋಮೀಟರ್ 1.014 ತೋರಿಸುತ್ತಿದ್ದಾಗ ಗೆಳೆಯ ಮುಚ್ಚಳವನ್ನು ಒಂದಿಷ್ಟೇ ಸರಿಸಿ ಗುಳಿಗೆ ಸುರಿದ. ಅವು ಮೊದಲು ಮೇಲೆಯೇ ತೇಲಿದವು. ಒಂದೆರಡು ನಿಮಿಷದಲ್ಲಿ ನೀರು ಕುಡಿದು ಉಬ್ಬಿ, ಬಿರಿದು, ಹಸಿರು ಗಸಿಯಾಗಿ ಹರಡಿಕೊಂಡವು. ಸುತ್ತ ಸಣ್ಣ ಗುಳ್ಳೆಗಳು ಒಟ್ಟೊಟ್ಟಾಗಿ ಎದ್ದವು. ಬಿಯರಿನಲ್ಲಿ ಕರಗಿ ಕೂತಿದ್ದ ಅನಿಲಕ್ಕೆ ಆ ಒರಟು ಕಣಗಳೇ ಹೊರಬರುವ ಬಾಗಿಲು. ಒಂದೇ ಸಲ ಎಲ್ಲ ಸುರಿದರೆ ಬಿಯರ್ ಉಕ್ಕಿ ನೆಲಕ್ಕೆ ಬರುವುದುಂಟು. ಹುದುಗು ಪೂರ್ತಿ ನಿಲ್ಲುವ ಮೊದಲೇ ಹಾಕುವುದರಿಂದ ಎರಡು ಲಾಭ. ಗುಳಿಗೆಯ ಜೊತೆ ಒಳಬಂದ ಗಾಳಿಯ ಆಮ್ಲಜನಕವನ್ನು ಎಚ್ಚರವಿರುವ ಯೀಸ್ಟ್ ಬೇಗ ಹೀರಿಬಿಡುತ್ತದೆ. ಅದಕ್ಕಿಂತ ಸೊಗಸಾದದ್ದು, ಹೂವಿನ ಪರಿಮಳವನ್ನು ಯೀಸ್ಟ್ ತಿದ್ದುತ್ತದೆ. ಜೆರಾನಿಯೋಲಿನ ಒಂದು ಭಾಗವನ್ನು ಅದು ನಿಂಬೆಯ ಛಾಯೆಯ ಸಿಟ್ರೊನೆಲೋಲ್ ಆಗಿ ಬದಲಿಸುತ್ತದೆ. ಬೇರೆ ಅಣುಗಳಿಗೆ ಕಟ್ಟಿಹಾಕಿಕೊಂಡು ವಾಸನೆಯಿಲ್ಲದೆ ಇದ್ದ ಥಯಾಲ್‌ಗಳಲ್ಲಿ ಕೆಲವನ್ನು ಬಿಡಿಸುತ್ತದೆ. ಪೊಟ್ಟಣದಲ್ಲಿ ಗಾಢವಾಗಿದ್ದ ಮಿರ್ಸೀನ್ ನೀರಿನಲ್ಲಿ ಅಷ್ಟಾಗಿ ಕರಗದೆ ಬಹಳಷ್ಟು ಗಸಿಗೂ ಯೀಸ್ಟಿಗೂ ಅಂಟಿ ತಳ ಸೇರುತ್ತದೆ. ಹೆಚ್ಚು ಕರಗುವ ಲಿನಲೂಲ್ ಉಳಿಯುತ್ತದೆ. ಪೊಟ್ಟಣ ಮೂಸಿದಾಗ ಬಂದ ವಾಸನೆಯೇ ಬೇರೆ, ಲೋಟದಲ್ಲಿ ಬರುವುದೇ ಬೇರೆ ಎಂದು ಮೊದಲ ಸಲ ಮಾಡುವವರಿಗೆ ಆಶ್ಚರ್ಯವಾಗುವುದು ಇದರಿಂದ. ಮೂರರಿಂದ ಐದು ದಿನ ಸಾಕು. ಹೆಚ್ಚು ದಿನ ಬಿಟ್ಟರೆ ಹಸಿ ಹುಲ್ಲಿನ ಒಗರು ಬರುತ್ತದೆ.

ಇಲ್ಲಿ ಒಂದು ಅಪಾಯವಿದೆ, ಕಿಟ್‌ನ ಹಾಳೆಗಳು ಅದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಆಕ್ಷೇಪ. ಕುದಿಸದ ಹಾಪ್ಸ್‌ನಲ್ಲಿ ಪಿಷ್ಟ ಒಡೆಯುವ ಕಿಣ್ವಗಳು ಇನ್ನೂ ಸಕ್ರಿಯ. ಯೀಸ್ಟ್ ತಿನ್ನಲಾರದೆ ಬಿಟ್ಟಿದ್ದ ಡೆಕ್ಸ್‌ಟ್ರಿನ್ನುಗಳನ್ನು ಅವು ನಿಧಾನವಾಗಿ ಸಕ್ಕರೆ ಮಾಡಿಕೊಡುತ್ತವೆ, ಮುಗಿಯಿತೆಂದುಕೊಂಡ ಹುದುಗು ಮತ್ತೆ ಶುರುವಾಗುತ್ತದೆ. ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ ಇದನ್ನು 1893ರಲ್ಲೇ ಬರೆದಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚಿನವರು ಅದನ್ನು ಮರೆತಿದ್ದರು. ಹಾಪ್ಸ್ ಧಾರಾಳವಾಗಿ ಸುರಿಯುವ ಕಾಲ ಬಂದ ಮೇಲೆ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತೆ ಕೈಗೆತ್ತಿಕೊಂಡರು. ಬಾಟಲಿಯೊಳಗೆ ಹೀಗಾದರೆ ಒತ್ತಡ ಏರಿ ಗಾಜು ಒಡೆದು ಚೂರು ಹಾರುತ್ತದೆ. ಆದ್ದರಿಂದ ಗುಳಿಗೆ ಹಾಕಿದ ಮೇಲೆ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಬಾಟಲಿಯ ಮಾತೇ ಬೇಡ. ಗೆಳೆಯನದು 1.011ಕ್ಕೆ ಬಂದು ನಿಂತಿತು. ಮೊದಲಿನ ಅಂಕಿಯಲ್ಲಿ ಇದನ್ನು ಕಳೆದು 131ರಿಂದ ಗುಣಿಸಿದರೆ ಮದ್ಯಸಾರ ಸುಮಾರು ಶೇ. 4.6.

ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಬೇಕು. ಉಳಿದಿರುವ ಯೀಸ್ಟ್ ಅದನ್ನು ತಿಂದು ಕೊಡುವ ಅನಿಲ ಈ ಸಲ ಹೊರಹೋಗದೆ ಬಿಯರಿನಲ್ಲೇ ಕರಗುತ್ತದೆ. ನಳಿಕೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ಸದ್ದಿಲ್ಲದೆ ತುಂಬುವುದು ಮುಖ್ಯ. ಮೊದಲ ದಿನ ರಭಸದಿಂದ ಸುರಿದ ಕೈಯೇ ಈಗ ಒಂದು ಗುಳ್ಳೆಯೂ ಏಳದಂತೆ ನೋಡಿಕೊಳ್ಳಬೇಕು, ಯಾಕೆಂದರೆ ಹಾಪ್ಸ್‌ನ ಪರಿಮಳ ಆಮ್ಲಜನಕಕ್ಕೆ ಬಹಳ ಬೇಗ ಸೋಲುತ್ತದೆ. ಹಣ್ಣಿನ ಕಂಪು ಹೋಗಿ ಜೇನಿನ ಮಂಕು ಸಿಹಿ, ಆಮೇಲೆ ರಟ್ಟಿನ ವಾಸನೆ ಬರುತ್ತದೆ, ಹೊಂಬಣ್ಣ ಕಂದಾಗುತ್ತದೆ. ಇದು ಇಟ್ಟಷ್ಟೂ ಕಳೆಗಟ್ಟುವ ಬಿಯರಲ್ಲ. ಬೆಚ್ಚನೆಯ ಜಾಗದಲ್ಲಿ ಎರಡು ವಾರ ಇಟ್ಟು ಅನಿಲ ಕಟ್ಟಿದ ಮೇಲೆ ಫ್ರಿಜ್ಜಿಗೆ ಸೇರಿಸಿ, ಎರಡು ತಿಂಗಳೊಳಗೆ ಕುಡಿದು ಮುಗಿಸುವುದು ಒಳ್ಳೆಯದು.

ಕಂಪಿಗೆ ಗಾಳಿ ಶತ್ರುವಾದರೆ ಕಹಿಗೆ ಬೆಳಕು. ಬಿಯರಿನಲ್ಲಿ ಬಿ-2 ಜೀವಸತ್ವವಾದ ರೈಬೋಫ್ಲೇವಿನ್ ಇದೆ. ನೀಲಿ ಬೆಳಕನ್ನು ಅದು ಹೀರಿಕೊಂಡು ಆ ಶಕ್ತಿಯಿಂದ ಐಸೊ-ಆಲ್ಫಾ ಆಮ್ಲದ ಒಂದು ತುಂಡನ್ನು ಕತ್ತರಿಸಲು ನೆರವಾಗುತ್ತದೆ. ಆ ತುಂಡು ಬಿಯರಿನ ಗಂಧಕದೊಂದಿಗೆ ಕೂಡಿ ಅಮೆರಿಕದ ಸ್ಕಂಕ್ ಪ್ರಾಣಿಯ ದ್ರವದಲ್ಲಿರುವಂಥ ದುರ್ನಾತದ ಥಯಾಲ್ ಆಗುತ್ತದೆ. ಬಿಸಿಲಿನಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಗಾಜು ನೀಲಿ ಬೆಳಕಿನ ಬಹುಪಾಲನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ಬಿಳಿ ಬಾಟಲಿಯಲ್ಲಿ ಬಿಯರ್ ಮಾರುವ ಹಲವು ಕಂಪನಿಗಳು ಬೆಳಕಿಗೆ ತುಂಡಾಗದಂತೆ ಜಲಜನಕ ಸೇರಿಸಿ ಮಾರ್ಪಡಿಸಿದ ಹಾಪ್ಸ್ ಸಾರವನ್ನು ಬಳಸುತ್ತವೆ. ಕಿಟ್‌ನ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಮಾರ್ಪಡಿಸದ ಹಾಪ್ಸ್. ಆದ್ದರಿಂದ ಗೆಳೆಯ ವರ್ಷವಿಡೀ ಕೂಡಿಟ್ಟ ಬಾಟಲಿಗಳಲ್ಲಿ ಕಂದು ಬಣ್ಣದವನ್ನಷ್ಟೇ ಆರಿಸಿಕೊಂಡು, ತೊಳೆದು ತುಂಬಿ, ಮೆಟ್ಟಿಲಡಿಯ ಕಪಾಟಿನಲ್ಲಿ ಇಟ್ಟ.